ಹಲಸು ತಟ್ಟಿದ ಹಾಗೆ

ಹಲಸಿನ ಹಣ್ಣನ್ನು ಬೆರಳಿನಿಂದ ತಟ್ಟಿ ಆನಿ ಕಿವಿಗೊಟ್ಟಳು. ಹಣ್ಣಾಗಿತ್ತು. ಕತ್ತಿಯಿಂದ ಕೊಯ್ಯತೊಡಗಿದಳು.

"ನಮ್ಮ ಆಸ್ಪತ್ರೆಯಲ್ಲಿ ಎದೆಗೂ ಹೀಗೇ ಮಾಡ್ತಾರೆ ಅಕ್ಕಾ," ಎಂದಳು ತಂಗಿ ವಿನಿಫ್ರೆಡ್. ಜರ್ಮನಿಯಲ್ಲಿ ನರ್ಸಾಗಿದ್ದವಳು ಸಾವಿರದ ಒಂಬೈನೂರ ಅರವತ್ತೆಂಟರ ಬೇಸಿಗೆಯಲ್ಲಿ ರಜೆಗೆಂದು ಜೆಪ್ಪುವಿನ ಅಕ್ಕನ ಮನೆಗೆ ಬಂದಿದ್ದಳು. "ಕಿವಿಗೆ ಕೇಳದ ಸದ್ದನ್ನು ಒಳಗೆ ಕಳಿಸುವುದು. ಅದು ಹೃದಯದ ಗೋಡೆಗೆ ತಾಗಿ ವಾಪಸ್ ಬರ್ತದೆ. ಗೋಡೆ ಸರಿಯಾಗಿ ಹಿಂಡ್ತದಾ ಅಂತ ಯಂತ್ರದಲ್ಲಿ ಕಾಣ್ತದೆ. ಸೂಜಿ ಇಲ್ಲ, ಕತ್ತಿ ಇಲ್ಲ."

ಹೆರಿಗೆಯ ನಂತರ ಜ್ವರ ಬಂದಾಗ ಆನಿಯ ಹೃದಯದ ಸ್ನಾಯು ಸೋತಿದೆ ಎಂದು ಡಾಕ್ಟರು ಹೇಳಿದ್ದರು. ಆ ಮಗ ಈಗ ಹೈಸ್ಕೂಲಿನಲ್ಲಿದ್ದಾನೆ. ಆದರೂ ಮದುವೆಮನೆಯಲ್ಲಿ ಎಲ್ಲರೂ ಕುಣಿಯುವಾಗ ಅವಳಿಗೆ ಮಾತ್ರ ಕುರ್ಚಿ.

"ನನ್ನೊಟ್ಟಿಗೆ ಜರ್ಮನಿಗೆ ಬಾ, ತೋರಿಸುವ," ಎಂದಳು ವಿನಿಫ್ರೆಡ್.

ಆನಿಯ ಗಂಡ ಇಸಿದೋರ್ ನಕ್ಕ. "ಎಂತ ಮಾರಾಯ್ತಿ, ಇವಳನ್ನು ಇಲ್ಲೇ ಹತ್ತಿರದ ಬಿಜೈಗೆ ಕರ್ಕೊಂಡು ಹೋಗ್ಲಿಕ್ಕೇ ನನಗೆ ಹೆದರಿಕೆ. ಈ ಹಣ್ಣನ್ನು ಎತ್ತುವ ಶಕ್ತಿ ಉಂಟಾ ಅವಳಿಗೆ?"

ಅದನ್ನು ಹಿತ್ತಿಲಿನಿಂದ ಹೊತ್ತು ತಂದವಳು ಆನಿಯೇ. ಅವಳಿಗೆ ನಗು ತಡೆಯಲಾಗಲಿಲ್ಲ. ಅವಳು ಹೊತ್ತು ತಂದದ್ದನ್ನು ನೋಡಿದ್ದ ವಿನಿಫ್ರೆಡ್ ಕೂಡ ನಕ್ಕಳು. ಕೈಯೆಲ್ಲ ಅಂಟು, ಕಣ್ಣೊರೆಸುವಂತಿಲ್ಲ. ಅದಕ್ಕೇ ಇನ್ನಷ್ಟು ನಗು. ಎದೆ ಜೋರಾಗಿ ಬಡಿಯಿತು. ಆನಿಗೆ ಹೆದರಿಕೆಯಾಗಲಿಲ್ಲ.

ನಾಳೆ ಚರ್ಚಿನಲ್ಲಿ ಪೂಜೆ ಮುಗಿಸಿ, ಅದಕ್ಕೆ ಉಟ್ಟ ಹಸಿರು ಸೀರೆಯಲ್ಲೇ ಹಂಪನಕಟ್ಟೆಯ ಸ್ಟುಡಿಯೋಗೆ ಹೋಗಿ ಪಾಸ್‌ಪೋರ್ಟಿಗೆ ಫೋಟೋ ತೆಗೆಸಬೇಕೆಂದು ನಿಶ್ಚಯಿಸಿದಳು. ಗಂಡನ ಕೈಗೆ ಎಲ್ಲಕ್ಕಿಂತ ದೊಡ್ಡ ತೊಳೆ ಇಟ್ಟಳು.