ಜಾಗದಜ್ಜನ ಮುಂದೆ ಎರಡು ತಟ್ಟೆ ಮೊಟ್ಟೆ

ಹರಕೆ ತೀರಿಸಲೆಂದು ಬೇಯಿಸಿದ ಮೊಟ್ಟೆಯ ತಟ್ಟೆ ಹಿಡಿದು ಬೆಳಿಗ್ಗೆ ಅಂಗಳದ ಮೂಲೆಗೆ ಹೋದರೆ, ಈ ನೆಲ ಕಾಯುವ ಜಾಗದಜ್ಜನ ಪುಟ್ಟ ಗುಡಿಯ ಮುಂದೆ ಆಗಲೇ ಒಂದು ತಟ್ಟೆ ಮೊಟ್ಟೆ ಕೂತಿತ್ತು. ಪಕ್ಕದಲ್ಲಿ ಮುಚ್ಚಳ ತೆಗೆದ ಬಿಯರ್ ಬಾಟಲಿ.

ಕೇಳಿಕೊಂಡದ್ದು ನಡೆದ ಮೇಲೆಯೇ ಅಜ್ಜನಿಗೆ ಮೊಟ್ಟೆ ಇಡುವುದು. ಕೇಳಿಕೊಂಡವಳು ನಾನು: "ಅಜ್ಜಾ, ಈ ವಿಲ್ಲಾ ಮಾರಾಟ ಆಗದ ಹಾಗೆ ನೋಡ್ಕೋ." ನಿನ್ನೆ ಸಂಜೆ ಬ್ಯಾಂಕಾಕಿನ ಗಿರಾಕಿ ಫೋನ್ ಮಾಡಿ ಬೇಡವೆಂದ. ಸರಿ, ನನ್ನದು ನಡೆಯಿತು. ಇದು ಯಾರದ್ದು? ಏನು ನಡೆದದ್ದಕ್ಕೆ? ಅದೂ ಬಿಯರ್! ಅಜ್ಜ ಕುಡಿಯುವುದು ಕೆಂಪು ಸೋಡಾ ಎಂದು ನಮ್ಮೂರು ಬಾನ್ ಕ್ರುಟ್‌ನ ಮಕ್ಕಳಿಗೂ ಗೊತ್ತು.

ಮಾರಬೇಕೆಂದು ಹಟ ಹಿಡಿದವನು ನನ್ನ ಗಂಡ ಟೊರ್ಬೆನ್, ಡೆನ್ಮಾರ್ಕಿನವನು. ಥಾಯ್ಲೆಂಡಿನಲ್ಲಿ ವಿದೇಶಿಯರು ನೆಲ ಕೊಳ್ಳುವಂತಿಲ್ಲವೆಂದು ಜಮೀನು ನನ್ನ ಹೆಸರಲ್ಲಿದೆ, ಅದರ ಮೇಲಿನ ಮನೆ ಅವನ ಹೆಸರಲ್ಲಿದೆ. ಹೋದ ಮಳೆಗಾಲದಲ್ಲಿ ಅವನಿಗೆ ಎದೆ ಹಿಡಿದುಕೊಂಡಿತು. ದೊಡ್ಡಾಸ್ಪತ್ರೆ ದೂರದ ಹುವಾ ಹಿನ್‌ನಲ್ಲಿ. ತಲುಪುವಷ್ಟರಲ್ಲಿ ನನ್ನ ಜೀವ ಬಾಯಿಗೆ ಬಂದಿತ್ತು. "ಬುಪ್ಪಾ, ಮಾರಿಬಿಡೋಣ. ಆಸ್ಪತ್ರೆ ಪಕ್ಕ ಒಂದು ಫ್ಲ್ಯಾಟ್ ಸಾಕು," ಅಂದ. ಹೂಂ ಅಂದೆ. ಹೂಂ ಅಂದವಳೇ ಬಂದು ಅಜ್ಜನ ಕಾಲು ಹಿಡಿದೆ. ವರಾಂಡದಲ್ಲೇ ಉಂಡು, ವರಾಂಡದಲ್ಲೇ ಮಲಗಿ, ಸಮುದ್ರದ ನೀರು ಇಳಿದಾಗ ಮರಳಲ್ಲಿ ಚಿಪ್ಪು ಹೆಕ್ಕುವ ನನ್ನನ್ನು ಫ್ಲ್ಯಾಟಿಗೆ ತುರುಕಿದರೆ ನಾನು ಬದುಕುವುದುಂಟೇ?

ಬೇಲಿಯಾಚೆ ಸಂಗ್ವಾನ್ ಅಕ್ಕ ಬೊಂಡಾಸ್ ಮೀನು ಒಣಗಿಸುತ್ತಿದ್ದಳು.

"ಅಕ್ಕಾ, ನಿಮ್ಮ ಯಜಮಾನ್ರು ನಮ್ಮ ಅಜ್ಜನಿಗೆ ಬಿಯರ್ ಇಟ್ರಾ?"

"ಆ ಮನುಷ್ಯ ಬಿಯರ್ ಇನ್ನೊಬ್ಬರಿಗೆ ಕೊಡೋದಾ? ದೇವರೇ ಎದುರಿಗೆ ಬಂದ್ರೂ ತಾನೇ ಕುಡೀತಾನೆ!" ಹೊಟ್ಟೆ ಹಿಡಿದು ನಕ್ಕಳು. "ನಿಮ್ಮನೇಲೇ ಹುಡುಕೇ."

"ನಮ್ಮನೇಲಿ ಇನ್ಯಾರಿದಾರೆ? ಟೊರ್ಬೆನ್ ಗುಡಿ ಕಂಡ್ರೆ, ಈ ಹಕ್ಕಿಗೂಡಿಗೆ ಬಾಡಿಗೆ ಎಷ್ಟು ಅಂತಾನೆ."

ಆದರೂ ಅಡುಗೆಮನೆಗೆ ಹೋಗಿ ನೋಡಿದೆ. ತೊಟ್ಟಿಯಲ್ಲಿ, ಬೆಳಿಗ್ಗೆ ನಾನು ಗಮನಿಸದ ಒಂದು ಪಾತ್ರೆ, ನೀರೆಲ್ಲ ಆರಿ ತಳ ಸೀದುಹೋಗಿತ್ತು. ಈ ಮನೆಯಲ್ಲಿ ನೀರು ಕಾಯಿಸಲೂ ಬಾರದವನು ಒಬ್ಬನೇ. ಅವನು ವರಾಂಡದ ಮೆಟ್ಟಿಲ ಮೇಲೆ ಕೂತು ಸುಟ್ಟ ಬೆರಳನ್ನು ಊದಿಕೊಳ್ಳುತ್ತಿದ್ದ.

"ನೀನಾ?"

"ನಗಬೇಡ," ಅಂದ. ಕಿವಿಯವರೆಗೂ ಕೆಂಪಾಗಿದ್ದ. "ಮಾರಾಟ ಆಗಬಾರದು ಅಂತ ಕೇಳ್ಕೊಂಡಿದ್ದೆ. ಕೊಟ್ಟ ಮಾತು ತೀರಿಸಬೇಕಲ್ಲ."

"ಮಾರೋಣ ಅಂದೋನು ನೀನೇ ಅಲ್ವೇನೋ?"

"ಆವತ್ತು ಆಂಬುಲೆನ್ಸಲ್ಲಿ ನಿನ್ನ ಮುಖ ನೋಡಿದೆ. ಆ ಮುಖ ಇನ್ನೊಂದ್ಸಲ ನೋಡೋಕಾಗಲ್ಲ ಅಂತ ಹಾಗಂದೆ. ನನ್ನ ಮಟ್ಟಿಗೆ ಅಂದ್ರೆ, ಸಾಯೋದಿದ್ರೆ ಇಲ್ಲೇ, ಈ ಮೆಟ್ಟಿಲ ಮೇಲೇ." ಆಮೇಲೆ ನನ್ನ ಕೈ ನೋಡಿದ. "ಅದು ಯಾತಕ್ಕೆ ಮೊಟ್ಟೆ?"

ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. "ನಾನೂ ಅದನ್ನೇ ಕೇಳಿದ್ದೆ."

ಅವನು ಬಿದ್ದು ಬಿದ್ದು ನಕ್ಕ. "ಪಾಪ, ಅಜ್ಜನಿಗೆ ಎಷ್ಟು ಸಲೀಸಾಯ್ತು ನೋಡು!"

ನನಗೆ ನಗು ಬರಲಿಲ್ಲ. ಅವನು ಕೇಳಿದ್ದು ತನ್ನ ಸಾವಿಗೊಂದು ಜಾಗ. ನಾನು ಕೇಳಿದ್ದು ನನ್ನ ವರಾಂಡ. ಎರಡೂ ಒಂದೇ ಹರಕೆಯಾದದ್ದು ಹೇಗೆ? ಅಜ್ಜ ಒಲಿದನೋ ಮುನಿದನೋ, ತಲೆಬುಡ ತಿಳಿಯಲಿಲ್ಲ.

ನನ್ನ ತಟ್ಟೆಯನ್ನೂ ಗುಡಿಯ ಮುಂದಿಟ್ಟು ಊದುಬತ್ತಿ ಹಚ್ಚಿದೆ. ಅದು ಉರಿದು ಮುಗಿದ ಮೇಲೆ ಪ್ರಸಾದ ತಿನ್ನಬೇಕು. ಡಾಕ್ಟರು ಅವನಿಗೆ ಹಳದಿ ಬೇಡ ಅಂದಿದ್ದಾರೆ. ಬಿಳಿಯದನ್ನು ಅವನಿಗೆ ಕೊಟ್ಟು, ಹಳದಿಯನ್ನೆಲ್ಲ ಅಲ್ಲೇ ನಿಂತು ನಾನೇ ತಿಂದೆ. ಗಂಟಲಲ್ಲಿ ಸಿಕ್ಕಿಕೊಂಡಾಗ ಅಜ್ಜನ ಬಿಯರ್ ಕುಡಿದು ಇಳಿಸಿದೆ.

ಮತ್ತೆ ಕೈ ಮುಗಿದೆ. ಕೊಟ್ಟ ವರವನ್ನು ವಾಪಸು ತಗೋ ಅಜ್ಜಾ, ಇವನು ಆಸ್ಪತ್ರೆ ಪಕ್ಕವೇ ಇರಲಿ ಅನ್ನೋಣವೆಂದು ಬಾಯಿ ತೆರೆದೆ. ಹಿಂದೆ ಮೆಟ್ಟಿಲ ಮೇಲೆ ಅವನು ಇನ್ನೂ ನಗುತ್ತಲೇ ಇದ್ದ. ತೆರೆದ ಬಾಯಿಗೆ ಅಜ್ಜನ ಬಿಯರಿನ ಕೊನೆಯ ಗುಟುಕು ಸುರಿದುಕೊಂಡೆ.