ಪಾರಿಜಾತದ ವೇಷ

ಅಲಖನೂರಿನ ಲಕ್ಕವ್ವನ ಮನೆಯ ಬಾಗಿಲು ಸುಮ್ಮನೆ ತೆರೆಯುತ್ತಿರಲಿಲ್ಲ. ಸಾಲಿ ಬಿಟ್ಟು ಹಸಿದು ಬಂದ ಮೊಮ್ಮಗಳು ರೂಪಾಲಿ ಕದ ತಟ್ಟಿದರೆ ಒಳಗಿನಿಂದ ಮುದುಕಿಯ ಕಂಚಿನ ಕಂಠ ಕೇಳುತ್ತಿತ್ತು: "ಯಾರಮ್ಮಾ ನೀವು? ಯಾವ ಊರು, ಯಾವ ಪ್ಯಾಟಿ? ಈ ಸಭಾಕ್ಕ ಬಂದ ಕಾರಣೇನು?"

ಕೃಷ್ಣ ಪಾರಿಜಾತದ ಬಯಲಾಟದಲ್ಲಿ ವೇಷ ಹೊರಗೆ ಬಂದಾಗ ಭಾಗವತ ಕೇಳುವ ಮಾತು ಅದು. ಅವನು ಕೇಳದೆ ವೇಷ ಬಾಯಿ ಬಿಡುವಂತಿಲ್ಲ, ಕೇಳಿದ ಮೇಲೆ ಸುಮ್ಮನಿರುವಂತಿಲ್ಲ. ರೂಪಾಲಿ ಪಾಟಿಚೀಲ ಕೆಳಗಿಟ್ಟು, ಜಡೆ ಮುಂದೆ ಎಳೆದುಕೊಂಡು, "ನಾನೇರಿ ದ್ವಾರಕೆಯ ಮುನಿಸಿನ ಹೆಣ್ಣು, ಸತ್ಯಭಾಮೆಯೆಂದು ಕರೆವರು ನನ್ನ" ಎಂದು ರಾಗ ತೆಗೆದರೆ ಮಾತ್ರ ಚಿಲಕ ಸರಿಯುತ್ತಿತ್ತು, ರೊಟ್ಟಿ ಸಿಗುತ್ತಿತ್ತು.

ಲಕ್ಕವ್ವ ಒಂದು ಕಾಲಕ್ಕೆ ಐಗಳಿಯಿಂದ ಸದಲಗಾದವರೆಗೆ ಹೆಸರು ಮಾಡಿದ ಭಾಮೆ. ಬಣ್ಣ ಬಿಟ್ಟ ಮೇಲೆ ಅವಳಿಗೆ ಉಳಿದದ್ದು ಕತೆ ಮತ್ತು ಕೇಳುವುದಕ್ಕೆ ಈ ಒಬ್ಬ ಮೊಮ್ಮಗಳು. ಕೃಷ್ಣ ಸ್ವರ್ಗದಿಂದ ಪಾರಿಜಾತದ ಗಿಡ ಕಿತ್ತು ತಂದು ಭಾಮೆಯ ಅಂಗಳದಲ್ಲಿ ನೆಟ್ಟ. ಗಿಡ ಇಲ್ಲಿ, ಹೂವೆಲ್ಲ ಉದುರಿದ್ದು ಸವತಿ ರುಕ್ಮಿಣಿಯ ಅಂಗಳದಲ್ಲಿ. ಅಲ್ಲಿಗೆ ಬಂದಾಗಲೆಲ್ಲ ರೂಪಾಲಿ ತಡೆಯುತ್ತಿದ್ದಳು.

"ಗಿಡಕ್ಕ ಏನೂ ಅನಿಸಲಿಲ್ಲೇನಬೇ?"

"ಗಿಡಾನ್ನ ಯಾರ ಕೇಳ್ಯಾರ ಬಿಡು. ನಿಂದರಿಸಿದಲ್ಲಿ ನಿಂದರೂದು ಅದರ ಹಣೇಬರಾ."

ಇಂಥ ಕತೆ ಉಂಡು ಬೆಳೆದವಳು ರೂಪಾಲಿ. ಬಿ.ಎ. ಮುಗಿದ ಮೇಲೂ ಕಬ್ಬಿಗೆ ನೀರು ಬಿಡಲು ಹೋದವಳು ಮಡಿ ತುಂಬಿ ಹರಿದರೂ ದ್ವಾರಕೆಯಲ್ಲೇ ಇರುತ್ತಿದ್ದಳು. ಒಂದು ದಿನವಾದರೂ ದೀಪದ ಮುಂದೆ, ಬರಿ ಮೋರೆಯಲ್ಲಿ ನಿಂತು, ನಾನೇರಿ ಭಾಮೆ ಎನ್ನಬೇಕು. ಅವಳಿಗಿದ್ದ ಆಸೆ ಇದೊಂದೇ.

ಆಸೆಗೆ ಗಾಳಿ ಹಾಕಿದವನು ಸಂಗ್ರಾಮ. ನಿಪ್ಪಾಣಿಯ ತಂಬಾಕಿನ ವ್ಯಾಪಾರಿಯ ಮಗ. ಇಟಲಿಯಲ್ಲಿ ನಾಟಕ ಕಲಿತು ಬಂದಿದ್ದ. ಪಾರಿಜಾತದ ಹಾಡು, ಅಲ್ಲಿಯ ಮುಖವಾಡ, ಅಲ್ಲಿಯ ಪಿಟೀಲು, ಇಲ್ಲಿಯ ತಾಳ ಎಲ್ಲ ಕೂಡಿಸಿ 'ಭಾಮಾ' ಎಂಬ ಸಂಗೀತ ನೃತ್ಯ ನಾಟಕ ಕಟ್ಟುತ್ತಿದ್ದ. ತಾಲೀಮು ಅಪ್ಪನ ಹಳೆಯ ಗೋದಾಮಿನಲ್ಲಿ. ಗೋಡೆಗಳಿಗೆ ಹತ್ತಿದ ತಂಬಾಕಿನ ಘಾಟಿಗೆ ಕೃಷ್ಣನೂ ಸೀನುತ್ತಿದ್ದ, ನಾರದನೂ ಸೀನುತ್ತಿದ್ದ.

ರೂಪಾಲಿ ಅಜ್ಜಿಯ ಪದ ಹಾಡಿದಾಗ ಸಂಗ್ರಾಮ ಕಣ್ಣು ಮುಚ್ಚಿದ. "ವಾ! ಏಕದಮ್ ಮಣ್ಣಿನ ವಾಸನಿ!" ಎಂದ. ಎಲ್ಲವನ್ನೂ ರೆಕಾರ್ಡ್ ಮಾಡಿಕೊಂಡ. ಭಾಮೆಯ ಪಾತ್ರವನ್ನು ಮಾತ್ರ ಪುಣೆಯ ನರ್ತಕಿ ಮೃಣ್ಮಯಿಗೆ ಕೊಟ್ಟ. ರೂಪಾಲಿಗೆ ಸಿಕ್ಕಿದ್ದು ಗಿಡದ ವೇಷ: ಮೋರೆಗೆ ಕಾಗದದ ತೊಗಟೆ, ಎತ್ತಿ ಹಿಡಿದ ಎರಡು ಕೈ.

"ಬಘ್, ನೋಡು ರೂಪಾ, ಗಿಡಾ ಅಂದ್ರ ನಾಟಕದ ಆತ್ಮಾ," ಎಂದ ಸಂಗ್ರಾಮ. "ನೀ ಅಳ್ಳಾಡಬಾರ್ದು ಅಷ್ಟ. ಮೊದಲ ಆಟಾ ನೋಡಾಕ ಇಟಲಿಯಿಂದ ಒಬ್ಬ ಪಾವಣ್ಯಾ ಬರ್ತಾನ, ಅವಗ ಪಸಂದ ಬಂತಂದ್ರ ಅಲ್ಲಿ ಉತ್ಸವಕ್ಕ ಹೋಗ್ತೀವಿ. ಅಲ್ಲಿ ನಿನ್ನ ಮುಖವಾಡಾ ತಗಿಸಿ ಹಾಡಸ್ತೀನಿ. ಪ್ರಾಮಿಸ್."

ಆ ಮಾತನ್ನು ರೂಪಾಲಿ ಸೆರಗಿನ ಗಂಟಿನಲ್ಲಿಟ್ಟ ಬಂಗಾರದಂತೆ ಕಾಯ್ದುಕೊಂಡಳು. ಅಜ್ಜಿಗೆ, "ದೊಡ್ಡ ಪಾತ್ರಾ ಐತಿ, ಬಂದ ನೋಡು" ಎಂದಷ್ಟೇ ಹೇಳಿದಳು.

ಮೊದಲ ಪ್ರದರ್ಶನದ ಸಂಜೆ ಲಕ್ಕವ್ವ ಹಳೆಯ ಇಳಕಲ್ ಸೀರೆ ಉಟ್ಟು, ತನ್ನ ಕಾಲದ ಪೇಟಿ ಬಾರಿಸುವ ಕಾಡಸಿದ್ದನನ್ನು ಜೊತೆಗೆ ಕರೆದುಕೊಂಡು ಬಂದಳು. ಗೋದಾಮಿನ ದೀಪಗಳೆಲ್ಲ ಆರಿದವು.

"ಕರೆಂಟ್ ಹೋತೇನೋ ಕಾಡಸಿದ್ದಾ?"

"ಇಲ್ಲಬೇ, ಇದು ಫಾರಿನ್ ಪದ್ಧತಿ. ನಮ್ಮ ಮಾರಿ ಅವರಿಗೆ ಕಾಣಬಾರ್ದಂತ."

"ನಮ್ಮ ಮಾರಿ ನೋಡದ ಆಟಾ ಹೆಂಗ ಆಡ್ತಾರೋ?"

ಹಿಂದಿನ ಸಾಲಿನವರು ಶ್ ಎಂದರು.

ರಂಗದ ಮೇಲೆ ಬಿಳಿ ಮುಖವಾಡದ ಹೆಂಗಸರು ಸಾಲಾಗಿ ಬಂದು ಭಾಮೆಯ ಸುತ್ತ ನಿಂತರು. ಪಿಟೀಲು ನಿಂತಿತು. ಎಲ್ಲರೂ ಒಂದೇ ಕಂಠದಲ್ಲಿ ಕೇಳಿದರು: "ಯಾರು ನೀನು?"

ಮೃಣ್ಮಯಿ ಉತ್ತರಿಸಲಿಲ್ಲ. ಉತ್ತರಿಸಬಾರದು, ಸಂಗ್ರಾಮನ ಭಾಮೆ ಹೆಸರು ಕಳೆದುಕೊಂಡ ಹೆಣ್ಣು, ಆ ಮೌನವೇ ನಾಟಕದ ತಿರುಳು. ರೂಪಾಲಿಗೆ ಅದು ಗೊತ್ತಿತ್ತು. ಲಕ್ಕವ್ವನಿಗೆ ಗೊತ್ತಿರಲಿಲ್ಲ.

ಆಟದ ಮಂದಿಯಲ್ಲಿ ಒಂದು ರೂಢಿಯಿದೆ. ವೇಷ ಕಟ್ಟಿದವಳು ಮಾತು ಮರೆತರೆ, ಸಭೆಯಲ್ಲಿ ಆ ವೇಷ ಕಟ್ಟಿದ ಹಿರಿಯರು ಯಾರಿದ್ದರೂ ಕುಳಿತಲ್ಲಿಂದಲೇ ಪದ ಎತ್ತಿ ಅವಳ ಮಾನ ಕಾಯಬೇಕು. ಮೌನ ಬೆಳೆಯಿತು. "ಅಯ್ಯ ಶಿವನ, ಕೂಸು ಮಾತ ಮರತೈತಿ," ಎಂದು ಮುದುಕಿ ಮೊಣಕಾಲು ಹಿಡಿದು ಎದ್ದಳು. ಇಲ್ಲದ ಜಡೆಯನ್ನು ಮುಂದೆ ಎಳೆದುಕೊಂಡಳು. ಎತ್ತಿದಳು:

"ನಾನೇರಿ ದ್ವಾರಕೆಯ ಮುನಿಸಿನ ಹೆಣ್ಣು..."

ಕಂಠ ಒಡೆದಿತ್ತು; ಆದರೆ ಒಡೆದ ಗಡಿಗೆಯಿಂದ ನೀರು ಚಿಮ್ಮುವ ಹಾಗೆ ಹಾಡು ಚಿಮ್ಮಿತು. ಕಾಡಸಿದ್ದ ಕುರ್ಚಿಯ ತೋಳಿನ ಮೇಲೆ ತಾಳ ಹಾಕಿದ. ಮುಂದಿನ ಸಾಲಿನ ಸದಲಗಾದ ಹೆಂಗಸರು "ಹೌದ ನಮ್ಮವ್ವಾ!" ಎಂದು ಸೊಲ್ಲು ಹಿಡಿದರು.

"ಕೋಣ್ ಆಹೇ ತೀ? ಯಾರಕಿ? ಹೊರಗ ಹಾಕ್ರಿ!" ಬೆಳಕಿನ ಪೆಟ್ಟಿಗೆಯ ಹಿಂದಿನಿಂದ ಸಂಗ್ರಾಮ ಕೂಗಿದ.

ಕಾರ್ಯಕರ್ತರಿಬ್ಬರು ಬ್ಯಾಟರಿ ಬೆಳಕು ಬಿಟ್ಟು ಬಂದು ರಟ್ಟೆ ಹಿಡಿದರು. ಮುದುಕಿಗೆ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚು. ರಂಗದತ್ತ ತಿರುಗಿ ಕರೆದಳು: "ರೂಪಾ! ಎಲ್ಲಿದ್ದೀಬೇ? ನಾ ಯಾರಂತ ಹೇಳ ಇವರಿಗೆ!"

ತೊಗಟೆಯ ತೂತುಗಳಿಂದ ರೂಪಾಲಿಗೆ ಎಲ್ಲ ಕಾಣುತ್ತಿತ್ತು: ಜಾರಿದ ಸೆರಗು, ಕಾಲಿನಿಂದ ಕಳಚಿ ಉಳಿದ ಒಂದು ಚಪ್ಪಲಿ. ಗಂಟಲಿನತನಕ ಮಾತು ಬಂತು. ಮಾತಿನ ಹಿಂದೆಯೇ ಇಟಲಿಯೂ ಬಂತು. ಅವಳು ಅಳ್ಳಾಡಲಿಲ್ಲ. ಅಷ್ಟೇ ಆಗಿದ್ದರೆ ಹೆದರಿದಳು ಎನ್ನಬಹುದಿತ್ತು. ಆದರೆ ಅಜ್ಜಿಯ ಹಿಂದೆ ಗೋದಾಮಿನ ಬಾಗಿಲು ಮುಚ್ಚಿದ ಮೇಲೆ ತನ್ನ ಟೊಂಗೆಗಳು ಎಷ್ಟೂ ನಡುಗಲಿಲ್ಲವಲ್ಲ ಎಂದು ಒಳಗೊಳಗೇ ಬೀಗಿದಳು.

ನಾಟಕ ಮುಗಿದ ಮೇಲೆ ಇಟಲಿಯಿಂದ ಬಂದ ಅತಿಥಿ ಕೇಳಿದ್ದು ಒಂದೇ: ಆ ಮುದುಕಿಯ ದೃಶ್ಯ ಯಾರ ಕಲ್ಪನೆ? ಇಡೀ ರಂಗದಲ್ಲಿ ಜೀವಂತವಾದದ್ದು ಅದೊಂದೇ!

"ನಂದೇ," ಎಂದ ಸಂಗ್ರಾಮ.

ಮರುದಿನ ತಾಲೀಮಿನಲ್ಲಿ ಆ ದೃಶ್ಯ ನಾಟಕಕ್ಕೆ ಸೇರಿತು. ಸಭೆಯ ನಡುವಿನಿಂದ ಒಬ್ಬ ಮುದುಕಿ ಎದ್ದು ಹಾಡಬೇಕು, ಕಾರ್ಯಕರ್ತರು ಎಳೆದುಕೊಂಡು ಹೋಗಬೇಕು.

"ಸರ್, ಅದನ್ನರ ನಾ ಮಾಡ್ತೀನ್ರಿ," ಎಂದಳು ರೂಪಾಲಿ. "ಆ ಕಂಠ ನನ್ನ ಹಂತ್ಯಾಕ ಐತಿ."

"ಪುಣೆದಿಂದ ಒಬ್ಬಾಕಿ ಬರಾಕತ್ತಾಳ. ನೀ ಆಕಿಗೆ ಕಲಸು. ನಿನ್ನಷ್ಟು ಚೊಲೊ ಗಿಡಾ ನನಗ ಮತ್ತ ಎಲ್ಲಿ ಸಿಗಬೇಕು? ಆ ಮುದುಕಿ ನಿನ್ನ ಹೆಸರ ಹಿಡದ ಕರದಾಗ ನನಗ ತಿಳೀತು, ನಿನ್ನ ಅಜ್ಜಿ ಅಂತ. ಆದ್ರೂ ಕದಲಲಿಲ್ಲ ನೀ. ಗ್ರೇಟ್!"

ರೂಪಾಲಿ ಕಲಿಸಿದಳು. ಮೊಣಕಾಲು ಹಿಡಿದು ಏಳುವುದು, ಇಲ್ಲದ ಜಡೆ ಎಳೆಯುವುದು, ಕಂಠ ಎಲ್ಲಿ ಒಡೆಯಬೇಕು ಎಂಬುದು. ಅವಳ ಮೊಬೈಲಿನ ಫೋಟೋ ನೋಡಿ ಅಜ್ಜಿಯ ಮುಖವಾಡ ಮಾಡಿದರು. ಗದ್ದದ ಹಚ್ಚೆಯ ಚುಕ್ಕಿ ಎಡಕ್ಕೆ ಸರಿದಿತ್ತು. ರೂಪಾಲಿಯೇ ಕುಂಚ ತಗೊಂಡು ಸರಿಪಡಿಸಿದಳು.

ಇಟಲಿಯ ಕರೆ ಬಂದ ದಿನ, ಆ ರಾತ್ರಿಯ ನಂತರ ಮೊದಲ ಸಲ, ಪೇಢೆಯ ಪೊಟ್ಟಣ ಹಿಡಿದು ಅಲಖನೂರಿಗೆ ಬಸ್ಸು ಹತ್ತಿದಳು. ಅಜ್ಜಿ ನಗುತ್ತಾಳೆ, ಬೈಯುತ್ತಾಳೆ, ಕಡೆಗೆ ಪೇಢೆ ತಿನ್ನುತ್ತಾಳೆ ಎಂದು ದಾರಿಯುದ್ದಕ್ಕೂ ಕನಸು ಕಟ್ಟಿದಳು. ನಡುಹಗಲು. ಕದ ಮುಚ್ಚಿತ್ತು. ತಟ್ಟಿದಳು.

"ಯಾರಮ್ಮಾ ನೀವು? ಯಾವ ಊರು, ಯಾವ ಪ್ಯಾಟಿ? ಈ ಸಭಾಕ್ಕ ಬಂದ ಕಾರಣೇನು?"

ರೂಪಾಲಿಯ ಕೈ ತಾನಾಗಿ ಜಡೆಗೆ ಹೋಯಿತು. ಬಾಯಿ ತೆರೆದಳು. ಪದ ನೆನಪಿತ್ತು, ರಾಗ ನೆನಪಿತ್ತು. ಮೊನ್ನೆಯಷ್ಟೇ ಇನ್ನೊಬ್ಬಳಿಗೆ ಕಲಿಸಿದ್ದಳಲ್ಲ. ಆದರೆ "ನಾನೇರಿ" ಎಂಬ ಮೊದಲ ಮಾತೇ ನಾಲಿಗೆ ದಾಟಲಿಲ್ಲ.

"ಅಜ್ಜೀ... ನಾಬೇ."

"ನಾ ಅಂದ್ರ ಯಾರ? ನಿಪ್ಪಾಣ್ಯಾಗ ಎಲ್ಲಾ ವೇಷಾ ನೋಡಿನಿ. ನಿನ್ನ ಮಾರಿ ಕಾಣಲಿಲ್ಲ. ಏನಿದ್ದಿ ನೀ ಅಲ್ಲಿ?"

ಬಿಸಿಲಿಗೆ ಪೇಢೆಯ ಕಾಗದ ತುಪ್ಪ ಬಿಡುತ್ತಿತ್ತು.

"ಗಿಡಾ," ಎಂದಳು ರೂಪಾಲಿ.

ಒಳಗಿನಿಂದ ಮುದುಕಿ, ಬೈಗುಳವೂ ಅಲ್ಲದ ಅಳುವೂ ಅಲ್ಲದ ದನಿಯಲ್ಲಿ ಹೇಳಿದಳು:

"ಗಿಡಕ್ಕ ಬಾಗಲಾ ಯಾಕ ಬೇಕು ತಂಗಿ? ಅಂಗಳದಾಗ ನಿಂದರು."