ಏಳನೇ ವಾರದ ಎರಡು ಕ್ಲಾಸು

"ಈ ವಿಷಯದ ಕ್ರೆಡಿಟ್ ನಿಮ್ಮ ಬಳಿ ಈಗಾಗಲೇ ಇದೆ. ನೋಂದಣಿ ಸಾಧ್ಯವಿಲ್ಲ." ನವೆಂಬರಿನ ಒಂದು ಬುಧವಾರ, ಮಧ್ಯಾಹ್ನ ಎರಡು ಗಂಟೆಗೆ ಸರಿಯಾಗಿ, ಕಾಲೇಜಿನ ವೆಬ್‌ಸೈಟು ಕೆಂಪು ಅಕ್ಷರದಲ್ಲಿ ನನಗೆ ಹೀಗೆಂದಿತು. ಅದೇ ಬೆಳಿಗ್ಗೆ ಮೆಡಿಕಲ್ ಕಾಲೇಜಿನ ಪ್ರವೇಶ ಕಚೇರಿಯಿಂದ ಬಂದ ಇಮೇಲು, ಆ ಕ್ರೆಡಿಟ್ ನನ್ನ ಬಳಿ ಇಲ್ಲ ಎಂದಿತ್ತು. ಇವರು ಇದೆ ಅನ್ನುತ್ತಾರೆ, ಅದಕ್ಕೇ ಓದಲು ಬಿಡುವುದಿಲ್ಲ. ಅವರು ಇಲ್ಲ ಅನ್ನುತ್ತಾರೆ, ಅದಕ್ಕೇ ಒಳಗೆ ಬಿಡುವುದಿಲ್ಲ. ಇಬ್ಬರನ್ನೂ ಒಂದು ಕೋಣೆಗೆ ತಳ್ಳಿ ಹೊರಗಿನಿಂದ ಚಿಲಕ ಹಾಕಬೇಕು ಅನ್ನಿಸಿತು.

ನಾನು ಆಗ ಕುಳಿತಿದ್ದುದು ಕ್ಲಿನಿಕ್ಕಿನಲ್ಲಿ, ರೋಗಿಗಳು ಕಾಯುವ ಕೋಣೆಯಲ್ಲಿ. ಪಕ್ಕದಲ್ಲಿ ಅಣ್ಣ ಕ್ಯಾಜ್. ಪೂರ್ತಿ ಹೆಸರು ಕ್ಯಾಸಿಮಿರ್. ಹಾಗೆ ಕರೆಯುವವರು ನರ್ಸುಗಳು ಮಾತ್ರ. ಇಪ್ಪತ್ತೊಂದನೇ ವಯಸ್ಸಿನಲ್ಲಿ ಅವನಿಗೆ ಸ್ಕಿಜೋಫ್ರೇನಿಯಾ ಶುರುವಾಯಿತು, ಈಗ ಇಪ್ಪತ್ತೇಳು. ತಿಂಗಳಿಗೊಂದು ಬುಧವಾರ ಇಂಜೆಕ್ಷನ್ ಚುಚ್ಚಿಸಬೇಕು. ಅಮ್ಮನಿಗೆ ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಹಗಲು ಪಾಳಿ, ಹಾಗಾಗಿ ಕಾರಿನಲ್ಲಿ ಕರೆತರುವವಳು ನಾನು. ಈ ಡಿಗ್ರಿ ಮುಗಿಸಿದ ಮೇಲೆ ಸೇರಲು ನನಗೆ ಬೇಕಾದ ಮೆಡಿಕಲ್ ಕಾಲೇಜು ಒಂದೇ ಒಂದು, ಮನೆಯಿಂದ ಮುಕ್ಕಾಲು ಗಂಟೆಯ ದಾರಿಯದ್ದು. ಬೇರೆ ಎಲ್ಲಿಗೆ ಹೋದರೂ ಈ ಬುಧವಾರಗಳು ತಪ್ಪುತ್ತವೆ. ಜೂನ್‌ನಲ್ಲಿ ಅರ್ಜಿ ಹಾಕಬೇಕು. ಅಷ್ಟರೊಳಗೆ ಉಳಿದಿದ್ದುದು ಜನವರಿಯಿಂದ ಶುರುವಾಗುವ ಒಂದೇ ಸೆಮಿಸ್ಟರ್.

"ಯಾಕೆ ಹಲೀ, ಮೂತಿ ಊದಿಸ್ಕೊಂಡಿದ್ದೀಯ?" ಅಂದ ಅಣ್ಣ. ನನ್ನ ಹೆಸರು ಹಲೀನಾ.

"ಸೈಕಾಲಜಿ ಓದೋಕೆ ಬಿಡ್ತಿಲ್ಲ ಕಣೋ."

"ಅದೃಷ್ಟವಂತೆ. ನಾನು ಬೇಡ ಬೇಡ ಅಂದ್ರೂ ಅದು ನನ್ನ ಬಿಡ್ಲಿಲ್ಲ ನೋಡು," ಅಂದು ತನ್ನಷ್ಟಕ್ಕೆ ನಕ್ಕ. ಆಮೇಲೆ ಪೆಪ್ಪರ್‌ಮಿಂಟಿನ ಹಳೆಯ ತಗಡಿನ ಡಬ್ಬಿಯನ್ನು ನನ್ನತ್ತ ಸರಿಸಿದ.

ಡಬ್ಬಿಯಲ್ಲಿದ್ದುದು ಮೀನಿನ ಗಾಳಗಳು. ಚಳಿಗಾಲದಲ್ಲಿ ನಮ್ಮೂರಿನ ಕೊಲ್ಲಿ ಹೆಪ್ಪುಗಟ್ಟಿದಾಗ ಅಣ್ಣ ಮಂಜುಗಡ್ಡೆಗೆ ತೂತು ಕೊರೆದು, ಮಡಚುವ ಕುರ್ಚಿಯಲ್ಲಿ ಕುಳಿತು ಮೀನು ಹಿಡಿಯುತ್ತಾನೆ. ಔಷಧಿ ಶುರುವಾದ ಮೇಲೆ ಅವನ ಕೈ ನಡುಗುತ್ತದೆ, ಕೂದಲೆಳೆಯಂಥ ದಾರಕ್ಕೆ ಗಂಟು ಹಾಕಲು ಆಗುವುದಿಲ್ಲ. ಅದಕ್ಕೆ ಕಾಯುವ ಹೊತ್ತಿನಲ್ಲಿ ಇಪ್ಪತ್ತು ಗಾಳ ಕಟ್ಟಿಕೊಡುವುದು ನನ್ನ ಪಾಲಿನ ಕೆಲಸ. ಆ ದಿನ ಸಿಟ್ಟಿನಲ್ಲಿ ಎರಡು ಬಾರಿ ಬೆರಳಿಗೆ ಚುಚ್ಚಿಕೊಂಡೆ.

ನಿಜ ಹೇಳಬೇಕೆಂದರೆ ಈ ಗೋಜಲು ಮಾಡಿಕೊಂಡವಳು ನಾನೇ. ಅಣ್ಣ ಮೊದಲ ಸಲ ಆಸ್ಪತ್ರೆ ಸೇರಿದ ವರ್ಷ ನಾನು ಹೈಸ್ಕೂಲಿನಲ್ಲಿ ಸೈಕಾಲಜಿ ತೆಗೆದುಕೊಂಡಿದ್ದೆ. ಪಠ್ಯಪುಸ್ತಕದಲ್ಲಿ ಅವನ ಕಾಯಿಲೆಗೆ ನಾಲ್ಕು ಪುಟ, ಜತೆಗೆ ಒಂದು ಚಿತ್ರ. ಇನ್ನು ಜನ್ಮದಲ್ಲಿ ಈ ವಿಷಯ ಓದಬಾರದು ಎಂದು ಹಲ್ಲು ಕಚ್ಚಿ, ಕಾಲೇಜು ಕ್ರೆಡಿಟ್ ಕೊಡುವ ಪರೀಕ್ಷೆಯನ್ನು ಆಗಲೇ ಬರೆದು ಐದಕ್ಕೆ ಐದು ತೆಗೆದೆ. ಪೀಡೆ ತೊಲಗಿತು ಅಂದುಕೊಂಡೆ. ಹೈಸ್ಕೂಲಿನ ಪರೀಕ್ಷೆ ಸಾಲದು, ಕಾಲೇಜಿನಲ್ಲೇ ಓದಿರಬೇಕು ಎಂದು ಯಾವ ಮಹಾನುಭಾವನೂ ಆಗ ಹೇಳಲಿಲ್ಲ.

ಮಾರನೆಯ ದಿನ ಪ್ರೂಯಿಟ್ ಮೇಡಂ ಹತ್ತಿರ ಹೋದೆ. ಡಾಕ್ಟರಾಗಲು ಹೊರಟವರಿಗೆ ಯಾವ ಪಾಠ ತೆಗೆದುಕೊಳ್ಳಬೇಕೆಂದು ಸಲಹೆ ಕೊಡುವುದು ಅವರ ಕೆಲಸ. ಮೇಜಿನ ಮೇಲೆ ಮಿಠಾಯಿಯ ಬಟ್ಟಲು, ಗೋಡೆಯ ಮೇಲೆ ಬಿಳಿ ಕೋಟು ಹಾಕಿದ ಹಳೆಯ ವಿದ್ಯಾರ್ಥಿಗಳ ಫೋಟೋಗಳು.

"ಇಷ್ಟೇ ತಾನೇ ಪುಟ್ಟಾ? ಸೈಕಾಲಜಿಲೇ ಮೇಲಿನ ತರಗತಿದು ಒಂದು ತಗೋ. ಹೈಸ್ಕೂಲ್ ಕ್ರೆಡಿಟ್ ಜೊತೆಗೆ ಅದೊಂದಿದ್ರೆ ಒಪ್ಕೋತಾರೆ," ಅಂದರು.

"ಒಂದರಲ್ಲೂ ಸೀಟಿಲ್ಲ ಮೇಡಂ. ಮಕ್ಕಳ ಸೈಕಾಲಜಿ ತುಂಬಿದೆ. ಸಮಾಜದ್ದಕ್ಕೆ ಇಪ್ಪತ್ತೆರಡು ಜನ ಕಾಯ್ತಿದ್ದಾರೆ. ನಿದ್ದೆಯದ್ದು ಸೈಕಾಲಜಿ ಪದವಿಯವರಿಗೆ ಮಾತ್ರ ಅಂತೆ."

ಅವರು ಕಂಪ್ಯೂಟರಿನಲ್ಲಿ ಹುಡುಕಿದರು. "ಅಬ್ನಾರ್ಮಲ್ ಸೈಕಾಲಜಿಲಿ ಎರಡು ಸೀಟಿದೆಯಲ್ಲ. ಎಲ್ಲರೂ ಮುಗಿಬೀಳೋ ಕೋರ್ಸ್ ಅದು. ತುಂಬಾ ಮಜಾ ಇರುತ್ತೆ."

ಮಜಾ. ಅಣ್ಣನಿಗಿರುವಂಥ ಮನಸ್ಸಿನ ಕಾಯಿಲೆಗಳ ಪಾಠ ಅದು. ನಾನು ಮಿಠಾಯಿಯ ಬಟ್ಟಲನ್ನು ನೋಡಿದೆ.

ಆ ಎರಡು ಸೀಟಿಗೆ ಪ್ರೊಫೆಸರರ ಒಪ್ಪಿಗೆ ಬೇಕಿತ್ತು. ಈ ಪಾಠ ನಿಮಗೆ ಯಾಕೆ ಬೇಕು ಎಂದು ಅರ್ಧ ಪುಟ ಬರೆದುಕೊಡಬೇಕು. ಮೇಡಂ ನನ್ನ ಕಡತ ತಿರುವಿ ಹಾಕುತ್ತಾ ಒಂದು ಪುಟದಲ್ಲಿ ತಡೆದರು. ಮೊದಲ ವರ್ಷದಲ್ಲಿ ಒಮ್ಮೆ ಪರೀಕ್ಷೆ ತಪ್ಪಿಸಿಕೊಂಡಾಗ ಸ್ಕಿಜೋಫ್ರೇನಿಯಾದಿಂದ ಅಣ್ಣ ಆಸ್ಪತ್ರೆಯಲ್ಲಿದ್ದಾನೆ ಎಂದು ಕಾರಣ ಕೊಟ್ಟಿದ್ದೆ, ಅದು ಅಲ್ಲಿ ದಾಖಲಾಗಿತ್ತು.

"ನಿಮ್ಮಣ್ಣಂಗೆ ಈ ಕಾಯಿಲೆ ಇದೆಯಾ? ಮೊದಲೇ ಹೇಳ್ಬಾರ್ದಾ? ಅದನ್ನೇ ಬರಿ. ಜೂನಲ್ಲಿ ಅರ್ಜಿಗೂ ಅದನ್ನೇ ಬರಿ. ಚಿನ್ನದಂಥ ಕಥೆ ಇಟ್ಕೊಂಡು ಸುಮ್ನೆ ಕೂತಿದ್ದೀಯಲ್ಲ."

"ಅದು ಕಥೆ ಅಲ್ಲ ಮೇಡಂ."

"ನನ್ನ ಮಾತು ಕೇಳು. ಹೋದ ವರ್ಷ ಒಬ್ಬಳು ಅಜ್ಜಿಯ ಕ್ಯಾನ್ಸರ್ ಬರೆದು ಮೂರು ಕಡೆ ಸೀಟು ತಗೊಂಡ್ಲು. ಒಳಗೆ ಕೂತು ಅರ್ಜಿ ಓದೋರ ಮನಸ್ಸು ಕರಗಬೇಕಮ್ಮ."

ನನಗೆ ಮೈಯೆಲ್ಲಾ ಉರಿದುಹೋಯಿತು. ಅಣ್ಣ ಮಂಚದ ಕೆಳಗೆ ಅಡಗಿ ಕುಳಿತ ರಾತ್ರಿಗಳನ್ನು ಅರ್ಧ ಪುಟಕ್ಕೆ ಇಳಿಸಿ, ಕೊನೆಗೆ ನನ್ನ ಹೆಸರು ಬರೆದು ಸಹಿ ಹಾಕಬೇಕು. ಈ ದೇಶದಲ್ಲಿ ಡಾಕ್ಟರಾಗಲು ರಸಾಯನಶಾಸ್ತ್ರ ಬೇಕು, ಭೌತಶಾಸ್ತ್ರ ಬೇಕು, ಮನೆಯಲ್ಲೊಂದು ಸಂಕಟವೂ ಬೇಕು. ಅದಕ್ಕೂ ಒಂದು ಕ್ರೆಡಿಟ್ ಇಟ್ಟುಬಿಡಬಾರದೇ ಎಂದು ಕೇಳಬೇಕೆನಿಸಿತು. ಕೇಳದೆ ಎದ್ದುಬಂದೆ.

ಫಾರಂ ತುಂಬುವಾಗ ಮೂರೇ ಸಾಲು ಬರೆದೆ. ಕಾಲೇಜು ನನ್ನ ಬಳಿ ಕ್ರೆಡಿಟ್ ಇದೆ ಎನ್ನುತ್ತದೆ. ಮೆಡಿಕಲ್ ಕಾಲೇಜು ಇಲ್ಲ ಎನ್ನುತ್ತದೆ. ದಯವಿಟ್ಟು ಒಂದು ಸೀಟು ಕೊಡಿ. ಎರಡು ವಾರ ಉತ್ತರವಿಲ್ಲ. ಕೊನೆಗೆ ಒಂದು ಸಾಲಿನ ಇಮೇಲು ಬಂತು: ಬುಧವಾರ ಮೂರು ಗಂಟೆಗೆ ಬಂದು ಕಾಣಿ. ಅದೂ ಇಂಜೆಕ್ಷನ್ನಿನ ಬುಧವಾರ. ಹಣೆ ಚಚ್ಚಿಕೊಂಡು ಅಣ್ಣನನ್ನೂ ಜತೆಗೇ ಕರೆದುಕೊಂಡು ಹೋದೆ.

"ನೀನು ಹೊರಗೆ ಬೆಂಚಲ್ಲಿ ಕೂತಿರು. ಐದೇ ನಿಮಿಷ," ಅಂದೆ.

ಪ್ರೊಫೆಸರ್ ಮರ್ಟನ್ ಅರವತ್ತು ದಾಟಿದವರು, ತೋಳಿಲ್ಲದ ಸ್ವೆಟರು, ಕನ್ನಡಕ ಹಣೆಯ ಮೇಲೆ. ನನ್ನ ಮೂರು ಸಾಲನ್ನು ಮತ್ತೆ ಓದಿದರು.

"ನಿಮ್ಮಂಥವರು ಹನ್ನೊಂದು ಜನ ಬರೆದಿದ್ದಾರೆ. ಎಲ್ಲರಿಗೂ ಮನುಷ್ಯರ ಮನಸ್ಸು ಅಂದ್ರೆ ಪ್ರಾಣವಂತೆ. ನೀವೊಬ್ಬರೇ ಸೀಟು ಕೇಳಿದ್ದು," ಅಂದರು. "ಆದ್ರೆ ಈ ವಿಷಯದಲ್ಲಿ ನಿಮಗೆ ಆಸಕ್ತಿ ಇದೆಯಾ ಇಲ್ವಾ?"

ಅಷ್ಟರಲ್ಲಿ ಬಾಗಿಲು ತೆರೆಯಿತು. ಅಣ್ಣ ತಲೆ ಹಾಕಿದ. ಐದು ನಿಮಿಷವೆಂದರೆ ಅವನಿಗೆ ಐದೇ ನಿಮಿಷ.

"ನೀವೇನಾ ಮೇಷ್ಟ್ರು? ನಾನು ಇವಳಣ್ಣ. ನಿಮ್ಮ ಪಾಠದಲ್ಲಿ ನನ್ನ ಕಾಯಿಲೆ ಬರುತ್ತಂತೆ, ಸ್ಕಿಜೋಫ್ರೇನಿಯಾ. ಯಾವ ವಾರ?"

ಭೂಮಿ ಬಾಯಿ ತೆರೆಯಬಾರದೇ ಅನ್ನಿಸಿತು. ಮರ್ಟನ್ ಕನ್ನಡಕ ಇಳಿಸಿ ಅವನನ್ನು ನೋಡಿ, ಪಾಠದ ಪಟ್ಟಿ ತೆಗೆದು ಬೆರಳಿಟ್ಟರು. "ಏಳನೇ ವಾರ."

"ಎಷ್ಟು ದಿನ?"

"ಎರಡು ಕ್ಲಾಸು."

"ಆರು ವರ್ಷ ಆಯ್ತು ನಂಗೆ. ನೀವು ಎರಡು ದಿನದಲ್ಲಿ ಮುಗಿಸ್ತೀರಾ?" ಅಂದ ಅಣ್ಣ. ಅವನ ಧ್ವನಿಯಲ್ಲಿ ಕೊಂಕಿರಲಿಲ್ಲ, ಬರೀ ಬೆರಗಿತ್ತು. ಆಮೇಲೆ ನನ್ನ ಕಡೆ ತಿರುಗಿ, "ಪರವಾಗಿಲ್ಲ ಬಿಡು ಹಲೀ. ಆ ಎರಡು ದಿನ ಚಕ್ಕರ್ ಹೊಡಿ," ಅಂದ.

ಮರ್ಟನ್ ಫಾರಮ್ಮಿಗೆ ಸಹಿ ಹಾಕಿದರು. ಸೀಟು ಸಿಕ್ಕಿತು. ಯಾವುದನ್ನು ಮಾರುವುದಿಲ್ಲ ಎಂದು ಹಟ ಹಿಡಿದಿದ್ದೆನೋ ಅದು ತಾನಾಗಿ ನಡೆದುಬಂದು ನನಗೆ ಸೀಟು ಕೊಡಿಸಿತಲ್ಲ ಎಂದು ಮನೆಗೆ ಹೋಗುವ ದಾರಿಯುದ್ದಕ್ಕೂ ಕುದಿಯುತ್ತಿದ್ದೆ. ಅಣ್ಣ ಹಾಯಾಗಿ ರೇಡಿಯೋ ಕೇಳುತ್ತಿದ್ದ.

ಜನವರಿಯಲ್ಲಿ ಪಾಠ ಶುರುವಾಯಿತು. ನೂರಿಪ್ಪತ್ತು ಜನ. ಅರ್ಧದಷ್ಟು ನನ್ನ ಹಾಗೇ ಮೆಡಿಕಲ್ ಕನಸಿನವರು. ಯಾವುದು ಪರೀಕ್ಷೆಗೆ ಬರುತ್ತದೆ ಎನ್ನುವುದು ಬಿಟ್ಟು ಬೇರೇನೂ ಕೇಳದವರು. ಏಳನೇ ವಾರ ಬಂದಾಗ ನಾನು ಚಕ್ಕರ್ ಹೊಡೆಯಲಿಲ್ಲ. ಮೊದಲ ದಿನ ಹಳೆಯದೊಂದು ವಿಡಿಯೋ ತೋರಿಸಿದರು. ಅದರಲ್ಲಿ ಒಬ್ಬ ರೋಗಿ ತನ್ನ ಹಲ್ಲಿನೊಳಗೆ ಯಾರೋ ಮಾತಾಡುತ್ತಾರೆ ಎನ್ನುತ್ತಿದ್ದ. ಹಿಂದಿನ ಸಾಲಿನಲ್ಲಿ ಇಬ್ಬರು ಕಿಸಕ್ಕನೆ ನಕ್ಕರು. ತಿರುಗಿ ನೋಡಿದೆ. ನಾನೂ ಅವರಂತೆಯೇ ಟಿಪ್ಪಣಿ ಬರೆದುಕೊಂಡೆ. ಎರಡನೇ ದಿನ ಸರಿಯುತ್ತರಕ್ಕೆ ಗುರುತು ಹಾಕುವ ಹತ್ತು ಪ್ರಶ್ನೆಗಳ ಕಿರುಪರೀಕ್ಷೆ. ಹತ್ತಕ್ಕೆ ಹತ್ತು ಬಂತು. ಮೊದಲ ಬಾರಿಗೆ ಜೂನ್ ತಿಂಗಳು ಹತ್ತಿರವಿದೆ ಅನ್ನಿಸಿ ಖುಷಿಯಾಯಿತು, ಆ ಖುಷಿಗೆ ನಾಚಿಕೆಯೂ ಆಯಿತು.

ಮುಂದಿನ ಬುಧವಾರ ಮತ್ತೆ ಕ್ಲಿನಿಕ್ಕು, ಅವೇ ಪ್ಲಾಸ್ಟಿಕ್ ಕುರ್ಚಿಗಳು. ನರ್ಸು ಇನ್ನೂ ನಲವತ್ತು ನಿಮಿಷ ಆಗುತ್ತದೆ ಎಂದಳು. ಎರಡು ಗಂಟೆಗೆ ಬನ್ನಿ ಎಂದವರಿಗೆ ಎರಡು ಗಂಟೆಯ ಅರ್ಥ ಗೊತ್ತಿದ್ದ ಹಾಗೆ ಕಾಣೆ. ಕೊಲ್ಲಿಯ ಮಂಜುಗಡ್ಡೆ ಒಡೆಯುವ ಕಾಲ, ಅಣ್ಣನ ಮೀನುಗಾರಿಕೆ ಇನ್ನೊಂದೋ ಎರಡೋ ದಿನ. ನಾನು ಡಬ್ಬಿ ತೆರೆದು ಗಾಳ ಕಟ್ಟುತ್ತಿದ್ದೆ. ಅವನು ನನ್ನ ಚೀಲ ಕೆದಕಿ, ಉತ್ತರ ಬೇರೆ ಹಾಳೆಯಲ್ಲಿ ಹಾಕಿದ್ದರಿಂದ ಖಾಲಿಯೇ ಉಳಿದಿದ್ದ ಕಿರುಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ಹೊರತೆಗೆದ.

"ಇದು ನನ್ನ ವಾರದ್ದಾ?"

"ಬಿಡೋ ಅದನ್ನ. ಇಲ್ಲಿ ಕೊಡು."

"ತಾಳು. ನಾನೂ ಬರೀತೀನಿ. ನಂಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ?" ಪೆನ್ಸಿಲ್ ಹಿಡಿದು ಮಂಡಿಯ ಮೇಲೆ ಕಾಗದ ಇಟ್ಟುಕೊಂಡ. ಕೈ ನಡುಗಿ ಒಂದೊಂದು ಗುರುತೂ ಸೊಟ್ಟಗೆ ಬೀಳುತ್ತಿತ್ತು. ಹದಿನೈದು ನಿಮಿಷ ಹಿಡಿಯಿತು. "ತಗೊಳ್ಳಿ ಮೇಡಂ, ತಿದ್ದಿ ಕೊಡಿ."

ತಿದ್ದಿದೆ. ಮೂರು ಸರಿ. ನಾಲ್ಕನೆಯದು ತಪ್ಪು. ರೋಗಿಗಳು ಮಾತ್ರೆ ನಿಲ್ಲಿಸಿಬಿಡಲು ಅತಿ ಸಾಮಾನ್ಯ ಕಾರಣ ಯಾವುದು ಎನ್ನುವುದು ಪ್ರಶ್ನೆ. ತನಗೆ ಕಾಯಿಲೆ ಇದೆಯೆಂದೇ ರೋಗಿಗೆ ತಿಳಿಯದಿರುವುದು, ಇದು ಪುಸ್ತಕದ ಉತ್ತರ. ನಾನು ಗುರುತು ಹಾಕಿದ್ದೂ ಅದಕ್ಕೇ. ಅಣ್ಣ ಔಷಧಿಯಿಂದಾಗುವ ತೊಂದರೆಗಳು ಎನ್ನುವುದಕ್ಕೆ ಹಾಕಿದ್ದ.

"ಇದು ತಪ್ಪು," ಅಂದೆ.

"ತಪ್ಪು ಹೇಗಾಗುತ್ತೆ? ನಾನು ನಿಲ್ಲಿಸಿದ್ದೆನಲ್ಲ, ಎರಡು ವರ್ಷದ ಹಿಂದೆ."

ನಿಲ್ಲಿಸಿದ್ದ. ಆಗ ಇಂಜೆಕ್ಷನ್ ಇರಲಿಲ್ಲ, ಮಾತ್ರೆ. ಜನವರಿಯಲ್ಲಿ ಯಾರಿಗೂ ಹೇಳದೆ ನಿಲ್ಲಿಸಿದ, ಫೆಬ್ರವರಿಯಲ್ಲಿ ಹತ್ತೊಂಬತ್ತು ದಿನ ಆಸ್ಪತ್ರೆ. ಖಾಲಿಯಾಗದ ಮಾತ್ರೆಯ ಡಬ್ಬಿ ಸಿಕ್ಕ ದಿನ ನಾನು ಅಡುಗೆಮನೆಯಲ್ಲಿ ನಿಂತು ಅರಚಿದ್ದು ಬೀದಿಗೆಲ್ಲಾ ಕೇಳಿಸಿತ್ತು. ನಿನಗೆ ಕಾಯಿಲೆ ಇದೆ ಅನ್ನುವುದೇ ನಿನ್ನ ತಲೆಗೆ ಹೋಗುವುದಿಲ್ಲ ಎಂದಿದ್ದೆ. ಅಮ್ಮನೂ ಅದನ್ನೇ ಅಂದಿದ್ದಳು. ಡಾಕ್ಟರೂ ಅದನ್ನೇ ಬರೆದುಕೊಂಡಿದ್ದರು.

"ನಂಗೆ ಕಾಯಿಲೆ ಇರೋದು ಗೊತ್ತಿತ್ತು," ಅಂದ ಅಣ್ಣ. "ಯಾರಿಗಾದ್ರೂ ಗೊತ್ತಾಗ್ದೇ ಇರುತ್ತಾ? ಆ ವರ್ಷ ಮಂಜುಗಡ್ಡೆ ಚೆನ್ನಾಗಿ ಕಟ್ಟಿತ್ತು. ಒಂದು ಸಲ ನನ್ನ ಗಾಳ ನಾನೇ ಕಟ್ಕೋಬೇಕು ಅನ್ನಿಸ್ತು. ಮೂರು ವಾರ ನಡುಗದೆ ಕೈ ನಿಂತಿತ್ತು ನೋಡು, ಕಲ್ಲಿನ ಹಾಗೆ. ನಲವತ್ತು ಗಾಳ ಕಟ್ಟಿದ್ದೆ."

ನನ್ನ ಬೆರಳುಗಳಲ್ಲಿ ಅರ್ಧ ಬಿಗಿದ ಗಂಟಿತ್ತು. ಎರಡು ವರ್ಷದಿಂದ ತಿಂಗಳಿಗೆ ಇಪ್ಪತ್ತರಂತೆ ಅವನ ಪಕ್ಕದಲ್ಲೇ ಕುಳಿತು ಕಟ್ಟಿದ್ದೆ.

"ಮತ್ತೆ ಯಾಕೋ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ವಲ್ಲ."

"ಕೇಳಿದ್ದೆ. ಯಾಕೆ ನಿಲ್ಲಿಸ್ದೆ ಅಂತ ಎಷ್ಟು ಸಲ ಕೇಳಿದ್ದೆ."

"ಅದು ಕೂಗಿದ್ದು ಹಲೀ. ಕೇಳಿದ ಹಾಗಿರ್ಲಿಲ್ಲ," ಅಂದ. ಆಕ್ಷೇಪಣೆಯೇನೂ ಇಲ್ಲದೆ, ಹವಾಮಾನ ಹೇಳುವವನ ಹಾಗೆ ಅಂದ. ಆಮೇಲೆ ಕಾಗದದತ್ತ ಬಗ್ಗಿದ. "ಬೇಗ ತಿದ್ದು, ಈಗ ಕರೀತಾರೆ. ಒಟ್ಟು ಎಷ್ಟು ಬಂತು ನಂಗೆ?"

ಉಳಿದದ್ದನ್ನು ತಿದ್ದಿದೆ. ಅಕ್ಷರಗಳು ಸರಿಯಾಗಿ ಕಾಣುತ್ತಿರಲಿಲ್ಲ. "ಏಳು."

"ಪರವಾಗಿಲ್ವೇ. ಪಾಸು. ನಿಂಗೆಷ್ಟು ಬಂದಿತ್ತು?"

ಸುಳ್ಳು ಹೇಳೋಣವೆಂದು ಬಾಯಿ ತೆರೆದೆ, ಆಗಲಿಲ್ಲ. "ಹತ್ತು."

"ಹತ್ತಕ್ಕೆ ಹತ್ತಾ?" ಅಣ್ಣನ ಮುಖ ಅರಳಿತು. ಒಳಗಿನಿಂದ ನರ್ಸು ಕ್ಯಾಸಿಮಿರ್ ಎಂದು ಕರೆದಳು. ಅವನು ಎದ್ದು, ನಡುಗುವ ಕೈಯಿಂದ ನನ್ನ ಭುಜ ತಟ್ಟಿ, "ನನ್ನ ವಿಷಯ ಚೆನ್ನಾಗಿ ಓದ್ಕೊಂಡಿದ್ದೀಯ ಕಣೇ," ಅಂದು ಒಳಗೆ ಹೋದ.